ಒಂದು ಹೂ ಉದುರುವಾಗ ಇನ್ನೊಂದು ಅರಳಲಿ: ಕ್ರುಂಬಿಗಲ್ ಹಾಕಿಕೊಟ್ಟ ಲೆಕ್ಕ ಮತ್ತು ನಮ್ಮ ಕೊಣ್ಣೂರ

ಜೂನ್ 5 ಬಂತು ಅಂದ್ರೆ ಊರೂರಲ್ಲೂ ಅದೇ ಫೋಟೊ. ಒಂದು ಸಸಿ, ಅದರ ಸುತ್ತ ಹತ್ತು ಕೈ, ಹಿಂದೊಂದು ಬ್ಯಾನರ್. ಎಷ್ಟು ಸಾವಿರ ಸಸಿ ನೆಟ್ಟೆವು ಅನ್ನೋ ಲೆಕ್ಕ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬಂದು ಬೀಳುತ್ತದೆ. ಯಾವ ಸಸಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದು ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಆ ಹೂವಿನಿಂದ ಯಾರ ಹೊಟ್ಟೆ ತುಂಬುತ್ತದೆ, ಅದು ಉದುರಿದ ಮೇಲೆ ಜೇನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗಳಿಗೆ ಬ್ಯಾನರಿನಲ್ಲಿ ಜಾಗ ಇರುವುದಿಲ್ಲ.

ಇವುಗಳಲ್ಲಿ ಅರ್ಧ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಕೇಳಿ, ಒಂದಿಡೀ ನಗರದ ಮೇಲೆ ಉತ್ತರ ಬರೆದ ಮನುಷ್ಯ ಒಬ್ಬರಿದ್ದರು. ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಬೆಂಗಳೂರಿನಲ್ಲಿ ಓದುವ, ದುಡಿಯುವ ಎಷ್ಟೋ ಹುಡುಗ ಹುಡುಗಿಯರು ಆ ರಸ್ತೆ ದಾಟಿರುತ್ತಾರೆ, ಆ ಹೆಸರು ಯಾರದು ಅಂತ ಯೋಚಿಸಿರುವುದಿಲ್ಲ. ನಾನು ಗೋಕಾಕ ತಾಲ್ಲೂಕಿನ ಕೊಣ್ಣೂರಲ್ಲಿ ಕೂತು ಅವರ ಬದುಕನ್ನು ಹೇಳಹೊರಟಿದ್ದೇನೆ. ಅವರು ನಮ್ಮೂರಿಗೆ ಬಂದಿದ್ದರು ಅಂತ ಅಲ್ಲ. ಅವರ ಲೆಕ್ಕ ನಮ್ಮೂರವರೆಗೆ ಬರಲೇ ಇಲ್ಲ, ಅದಕ್ಕೆ.

ತೋಟಗಾರನ ಮಗ್ಗುಲಲ್ಲಿ ಸಾಮ್ರಾಜ್ಯ

ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡನ್ ಹತ್ತಿರದ ಲೋಮೆನ್ ಎಂಬ ಊರಲ್ಲಿ. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಆ ಕಾಲದ ತೋಟಗಾರಿಕೆ ಅಂದ್ರೆ ಮೊದಲು ಮಣ್ಣು ಅಗೆಯುವುದು, ಆಮೇಲೆ ನಕ್ಷೆ ಬರೆಯುವುದು. ಜರ್ಮನಿಯಲ್ಲಿ ಕೆಲವು ಕಡೆ ಕೆಲಸ ಮಾಡಿ 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿ ಮಾಡಿದರು, ನಂತರ ಕ್ಯೂ ಸಸ್ಯೋದ್ಯಾನ ಸೇರಿದರು.

ಈ ಕ್ಯೂ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಬರೀ ಚಂದದ ತೋಟ ಆಗಿರಲಿಲ್ಲ. ರಬ್ಬರ್, ಸಿಂಕೋನದಂಥ ದುಡ್ಡಿನ ಗಿಡಗಳನ್ನು ಒಂದು ಖಂಡದಿಂದ ಎತ್ತಿ ಇನ್ನೊಂದು ಖಂಡದ ವಸಾಹತುಗಳಲ್ಲಿ ಊರುವ ಕೆಲಸದ ಕೇಂದ್ರ ಕಚೇರಿ ಅದು. ಬ್ರೆಜಿಲ್‌ನ ರಬ್ಬರ್ ಬೀಜ ಮಲಯಾ ತಲುಪಿದ್ದು ಕ್ಯೂ ದಾರಿಯಿಂದಲೇ. ಯಾವ ಗಿಡ ಎಲ್ಲಿ ಬೆಳೆಯಬೇಕು ಅನ್ನುವುದನ್ನು ಅಧಿಕಾರ ನಿರ್ಧರಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಕ್ರುಂಬಿಗಲ್ ಆ ಶಾಲೆಯಲ್ಲಿ ಪಳಗಿದವರು. ಅದರ ಶಿಸ್ತು, ಅದರ ಕುರುಡು ಎರಡೂ ಅವರ ಜೊತೆ ಬಂದವು.

1893ರಲ್ಲಿ ಅವರು ಭಾರತಕ್ಕೆ ಬಂದರು. ಬರೋಡಾದಲ್ಲಿ ಮೂರನೇ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಅಲ್ಲಿನ ಸಂಸ್ಥಾನದ ತೋಟಗಳ ಹೊಣೆ ಇವರದಾಯಿತು. ಹದಿನೈದು ವರ್ಷ ಅಲ್ಲಿ ದುಡಿದು ಹೆಸರು ಮಾಡಿದರು. ಆ ಹೆಸರು ಮೈಸೂರಿಗೆ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಲಾಲ್‌ಬಾಗ್‌ನಲ್ಲಿ ಜಾನ್ ಕ್ಯಾಮರಾನ್ 1874ರಿಂದ ಮುಖ್ಯಸ್ಥರಾಗಿದ್ದರು, ಗಾಜಿನ ಮನೆ ಎದ್ದಿದ್ದು ಅವರ ಕಾಲದಲ್ಲೇ. ಅವರು ಬಿಟ್ಟ ಜಾಗಕ್ಕೆ 1908ರಲ್ಲಿ ಕ್ರುಂಬಿಗಲ್ ಬಂದರು. 1932ರಲ್ಲಿ ನಿವೃತ್ತರಾಗುವವರೆಗೆ ಮೈಸೂರು ಸಂಸ್ಥಾನದ ತೋಟಗಾರಿಕೆ ಅಂದ್ರೆ ಅವರೇ.

ಆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮಾಡಿದ ಕೆಲಸ ಒಂದೆರಡಲ್ಲ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಶುರುವಾಯಿತು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಜೊತೆ ಇವತ್ತಿಗೂ ಕೇಳಿಬರುವ ಹೆಸರು ಅದು. ದನಕ್ಕೆ ಮೇವಾಗುವ ರೋಡ್ಸ್ ಹುಲ್ಲಿನಂಥ ಹೊಸ ತಳಿಗಳನ್ನು ತರಿಸಿ ಬೆಳೆಸಿದರು. ಕನ್ನಂಬಾಡಿಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಕಟ್ಟಿಸಿದ ಬೃಂದಾವನದ ವಿನ್ಯಾಸದಲ್ಲೂ ಅವರ ಕೈ ಇತ್ತು. ಅವರ ನಂತರ ಲಾಲ್‌ಬಾಗ್ ಹೊಣೆ ಹೊತ್ತವರು ಎಚ್.ಸಿ. ಜವರಾಯ. ಅಲ್ಲಿಗೆ ಆ ಕುರ್ಚಿ ನಮ್ಮವರಿಗೆ ಬಂತು.

ಅವರ ಬದುಕಿನಲ್ಲಿ ಬ್ರಿಟಿಷ್ ಸಾಮ್ರಾಜ್ಯ ಜರ್ಮನಿಯ ಮೇಲೆ ಎರಡು ಸಲ ಯುದ್ಧಕ್ಕೆ ಹೋಯಿತು. ಬೆಂಗಳೂರು ದಂಡಿನ ಊರು. ಅಂಥ ಊರಲ್ಲಿ ಜರ್ಮನ್ ಆಗಿರುವುದು ಅಂದ್ರೆ ಶತ್ರು ದೇಶದವ ಅನ್ನುವ ಹಣೆಪಟ್ಟಿ ಹೊತ್ತು ತಿರುಗುವುದು. ಆದರೂ ಅವರು ವಾಪಸು ಹೋಗಲಿಲ್ಲ. 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಆ ತಾರೀಕು ನೆನಪಿಡಿ. ಅದೇ ವರ್ಷ ನವೆಂಬರ್ 1ಕ್ಕೆ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆಯೂ ಮೈಸೂರೂ ಒಂದೇ ರಾಜ್ಯವಾದವು. ಅಂದ್ರೆ ಕೊಣ್ಣೂರೂ ಬೆಂಗಳೂರೂ ಒಂದೇ ಸರ್ಕಾರದ ಕೆಳಗೆ ಬರುವ ಹೊತ್ತಿಗೆ ಕ್ರುಂಬಿಗಲ್ ಹೋಗಿ ಒಂಬತ್ತು ತಿಂಗಳಾಗಿತ್ತು.

ಹೂವಿನ ಪಂಚಾಂಗ

ಅವರ ದೊಡ್ಡ ಕೆಲಸ ಒಂದು ಸರಳ ಲೆಕ್ಕ. ರಸ್ತೆ ಬದಿಗೆ ಮರ ಹಾಕುವಾಗ ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಜಾತಿಗಳನ್ನು ಆರಿಸು. ಒಂದು ಬೀದಿಯ ಹೂ ಉದುರುವಾಗ ಇನ್ನೊಂದು ಬೀದಿಯಲ್ಲಿ ಮೊಗ್ಗು ಒಡೆಯಲಿ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರಲಿ. ಇದನ್ನು ಸರಣಿ ಹೂಗಾಲ ಅನ್ನಬಹುದು. ಇಂದು ಬೆಂಗಳೂರಲ್ಲಿ ಜನವರಿ ಸುಮಾರಿಗೆ ಟಬೂಬಿಯಾದ ಗುಲಾಬಿ ಬಣ್ಣ, ಅದರ ಹಿಂದೆಯೇ ಜಕರಾಂಡದ ನೀಲಿ, ಏಪ್ರಿಲ್ ದಾಟಿದರೆ ಗುಲ್‌ಮೊಹರಿನ ಕೆಂಪು ಕಾಣುತ್ತೇವಲ್ಲ, ಆ ಯೋಚನೆಯ ಬೇರು ಅಲ್ಲಿದೆ.

ಎಲ್ಲಾ ಮರಗಳನ್ನೂ ಅವರೊಬ್ಬರೇ ನೆಟ್ಟರು ಅಂತಲ್ಲ. ಅವರಿಗಿಂತ ಮುಂಚೆ ಕ್ಯಾಮರಾನ್ ತರಿಸಿದ ಗಿಡಗಳಿದ್ದವು. ಅವರ ನಂತರ, 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿಗೆ ಸುಮಾರು 15 ಲಕ್ಷ ಸಸಿ ಬಿದ್ದವು. ಆದರೆ ಗಿಡ ಆರಿಸುವಾಗ ಕೈಯಲ್ಲಿ ತಿಂಗಳ ಪಟ್ಟಿ ಇರಬೇಕು ಅನ್ನುವ ಶಿಸ್ತನ್ನು ಊರಿಗೆ ಕಲಿಸಿದ ಹೆಗ್ಗಳಿಕೆ ಕ್ರುಂಬಿಗಲ್ ಅವರದು.

ಈಗ ತಕರಾರು. ಆ ಪಟ್ಟಿ ಬರೆದದ್ದು ಮನುಷ್ಯನ ಕಣ್ಣಿಗಾಗಿ. ಗಾಡಿಯಲ್ಲಿ ಹೋಗುವ ದೊರೆಗೆ, ಸಂಜೆ ವಾಕಿಂಗ್ ಹೋಗುವವರಿಗೆ ಚಂದ ಕಾಣಲಿ ಅಂತ. ಜಕರಾಂಡ, ಟಬೂಬಿಯಾ, ಮಳೆಮರ ಇವೆಲ್ಲ ಅಮೆರಿಕ ಖಂಡಗಳವು. ಗುಲ್‌ಮೊಹರ್ ಮಡಗಾಸ್ಕರಿನದು. ಪರದೇಶದ್ದು ಅಂದ ಮಾತ್ರಕ್ಕೆ ಕೆಟ್ಟದ್ದು ಅನ್ನುವ ಜಾತಿವಾದ ಗಿಡಗಳ ವಿಷಯದಲ್ಲೂ ನನಗೆ ಒಪ್ಪಿಗೆ ಇಲ್ಲ. ನಮ್ಮ ಮೆಣಸಿನಕಾಯಿ, ಗೋವಿನಜೋಳ, ಸೂರ್ಯಕಾಂತಿ ಎಲ್ಲಾ ಸಮುದ್ರ ದಾಟಿ ಬಂದವೇ. ಪ್ರಶ್ನೆ ಬೇರೆ: ಇಲ್ಲಿಯ ಜೇನು, ಚಿಟ್ಟೆ, ಹಕ್ಕಿಗೆ ಇದರಿಂದ ಏನು ಸಿಗುತ್ತದೆ?

ಎರಡು ಉದಾಹರಣೆ ನೋಡಿ. ಆಫ್ರಿಕಾದ ನೀರುಕಾಯಿ ಮರ, ಅದೇ ಸ್ಪಾಥೋಡಿಯ, ನಮ್ಮ ಊರುಗಳಲ್ಲೂ ಕಾಣುತ್ತದೆ. ಕೆಂಪು ಬಟ್ಟಲಿನಂಥ ಹೂ, ಹಕ್ಕಿಗಳೂ ಬರುತ್ತವೆ. ಆದರೆ ಆ ಹೂವಿನೊಳಗೆ ಚುಚ್ಚದ ಜೇನುಗಳು, ನಾವು ಮುಜಂಟಿ ಅನ್ನುವ ಗುಂಪಿನವು, ಸತ್ತು ಬೀಳುವುದನ್ನು ಬ್ರೆಜಿಲ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ದಾಖಲಿಸಿದ್ದಾರೆ. ಇನ್ನೊಂದು ಲಂಟಾನ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ತೋಟದ ಅಲಂಕಾರಕ್ಕೆ ಅಂತ ಈ ದೇಶಕ್ಕೆ ತಂದರು. ಚಿಟ್ಟೆಗೆ ಅದರ ಮಕರಂದ ಇಷ್ಟ, ಸುಳ್ಳಲ್ಲ. ಆದರೆ ಇವತ್ತು ಬಂಡೀಪುರದಿಂದ ಹಿಡಿದು ಎಷ್ಟೋ ಕಾಡುಗಳ ನೆಲವನ್ನು ಅದು ನುಂಗಿ ಕೂತಿದೆ, ಜಿಂಕೆ ಮೇಯಲು ಹುಲ್ಲು ಉಳಿದಿಲ್ಲ. ಯಾರದೋ ಅಂಗಳದ ಆಯ್ಕೆ ಇನ್ನೂರು ವರ್ಷದ ಮೇಲೆ ಕಾಡಂಚಿನ ಜನರ ಸಮಸ್ಯೆಯಾಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಕ್ರುಂಬಿಗಲ್ ಲೆಕ್ಕ ಇಟ್ಟುಕೊಳ್ಳೋಣ, ಅದರ ಗಿರಾಕಿಯನ್ನು ಬದಲಿಸೋಣ. ವರ್ಷವಿಡೀ ಹೂ ಬೇಕು, ಆದರೆ ಉಣ್ಣುವವರಿಗಾಗಿ ಬೇಕು.

ಕಬ್ಬಿನ ನಡುವೆ ಹಸಿದ ಜೇನು

ಕೊಣ್ಣೂರಿಗೆ ಇದರಿಂದ ಏನಾಗಬೇಕು? ನಮ್ಮದು ಘಟಪ್ರಭೆಯ ಸೀಮೆ. ಹತ್ತಿರದಲ್ಲೇ ಗೋಕಾಕ ಫಾಲ್ಸ್, ಆ ನೀರಿನ ಬಲದ ಮೇಲೆ 19ನೇ ಶತಮಾನದಲ್ಲೇ ತಿರುಗಲು ಶುರುವಾದ ಗಿರಣಿ. ಇತ್ತ ಧೂಪದಾಳದ ಹಿನ್ನೀರಿನ ಸುತ್ತ 1974ರಲ್ಲಿ ಘೋಷಣೆಯಾದ ಪಕ್ಷಿಧಾಮ, 29.78 ಚದರ ಕಿಲೋಮೀಟರ್. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆ, ಕ್ರೌಂಚ ಬಂದು ಇಳಿಯುತ್ತವೆ. ಆ ದೊಡ್ಡ ಹಕ್ಕಿಗಳಿಗೆ ಧಾಮ ಇದೆ, ಬೋರ್ಡ್ ಇದೆ. ಹಿತ್ತಲಿನ ಸಣ್ಣ ಹಕ್ಕಿಗೆ, ಜೇನಿಗೆ ಏನಿದೆ?

ಕಾಲುವೆ ನೀರು ಬಂದ ಮೇಲೆ ಕಬ್ಬು ಬಂತು. ಕಬ್ಬಿನ ರಾಜಕೀಯ ನಿಮಗೆ ಗೊತ್ತು: ದರ, ಬಾಕಿ, ತೂಕ, ಕಾರ್ಖಾನೆ. ಅದರ ಇನ್ನೊಂದು ಮುಖ ಚರ್ಚೆಗೆ ಬರುವುದಿಲ್ಲ. ಕಬ್ಬನ್ನು ತುಂಡು ಹೂತು ಬೆಳೆಯುತ್ತೇವೆ, ಅದರ ಇಳುವರಿಗೆ ಜೇನು ಬೇಕಿಲ್ಲ. ಜೇನಿಗೂ ಅದರಲ್ಲಿ ಮಕರಂದ ಇಲ್ಲ. ಗೋವಿನಜೋಳ ಗಾಳಿಗೆ ಫಲ ಕಟ್ಟುತ್ತದೆ, ಅದರಲ್ಲೂ ಜೇನಿಗೆ ಪರಾಗ ಸಿಕ್ಕೀತೇ ಹೊರತು ಮಕರಂದ ಸಿಗದು. ಒಂದು ಕಾಲಕ್ಕೆ ಜೋಳದ ಹೊಲದಲ್ಲಿ ಅಕ್ಕಡಿಯಾಗಿ ಕುಸುಬಿ, ಗುರೆಳ್ಳು, ಅಗಸಿ, ತೊಗರಿ ಇರುತ್ತಿದ್ದವು. ಒಂದರ ಹಿಂದೆ ಒಂದು ಹೂ ಬಿಡುತ್ತಿದ್ದವು. ಕ್ರುಂಬಿಗಲ್ ಹೆಸರು ಕೇಳದ ನಮ್ಮ ಅಜ್ಜಿಯರು ಹೊಲದಲ್ಲೇ ಆ ಪಂಚಾಂಗ ಬಿತ್ತಿದ್ದರು. ಏಕಬೆಳೆ ಆ ಸಾಲುಗಳನ್ನು ಅಳಿಸಿತು.

ನಷ್ಟ ಯಾರಿಗೆ? ಉಳ್ಳಾಗಡ್ಡಿ ಬೀಜ ಮಾಡುವವನಿಗೆ, ಸೌತಿ, ಹೀರಿ, ಕುಂಬಳ ಬೆಳೆದು ಸಂತೆಗೆ ತರುವ ಹೆಣ್ಣುಮಗಳಿಗೆ, ಸೂರ್ಯಕಾಂತಿ ಹಾಕುವ ಸಣ್ಣ ರೈತನಿಗೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಶೇ. 75ರಷ್ಟು ಜಾತಿಗಳು ಸ್ವಲ್ಪವಾದರೂ ಪರಾಗಸ್ಪರ್ಶ ಮಾಡುವ ಜೀವಿಗಳನ್ನು ನಂಬಿವೆ ಅಂತ ವಿಶ್ವಸಂಸ್ಥೆಯ ಬೆಂಬಲದ ವಿಜ್ಞಾನಿಗಳ ವೇದಿಕೆ 2016ರಲ್ಲಿ ಹೇಳಿದೆ. ಜೇನಿಗೆ ಕೂಲಿ ಕೊಡಬೇಕಿಲ್ಲ, ಆದರೆ ಊಟ ಕೊಡಬೇಕು. ಹೊಲ ಊಟ ಕೊಡದಿದ್ದಾಗ ಹಿತ್ತಲು, ರಸ್ತೆಬದಿ, ಶಾಲೆಯ ಅಂಗಳ, ಸ್ಮಶಾನ, ಗುಡಿಯ ಸುತ್ತಲಿನ ಜಾಗ ಕೊಡಬೇಕಾಗುತ್ತದೆ.

ಹಮ್ಮಿಂಗ್‌ಬರ್ಡ್ ಇಲ್ಲ, ಸೂರಕ್ಕಿ ಇದೆ

ಇಂಟರ್ನೆಟ್ಟಲ್ಲಿ ಹಕ್ಕಿ ಕರೆಯುವ ತೋಟದ ಬಗ್ಗೆ ಹುಡುಕಿದರೆ ಬರುವುದೆಲ್ಲ ಹಮ್ಮಿಂಗ್‌ಬರ್ಡ್. ಆ ಹಕ್ಕಿ ಅಮೆರಿಕ ಖಂಡಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಅಂಗಳದಲ್ಲಿ ಆ ಕೆಲಸ ಮಾಡುವುದು ಸೂರಕ್ಕಿ. ಉದ್ದ ನಾಲ್ಕು ಇಂಚು, ತೂಕ ಹತ್ತು ಗ್ರಾಮಿಗೂ ಕಡಿಮೆ. ಬಿಸಿಲಲ್ಲಿ ಮಿಂಚುವ ನೇರಳೆ ಬಣ್ಣದ ಗಂಡು, ಹಳದಿ ಹೊಟ್ಟೆಯ ಹೆಣ್ಣು. ಎರಡೂ ಬೇರೆ ಬೇರೆ ವಂಶ, ಒಂದೇ ಕಸುಬು.

ಆದರೆ ಕಸುಬು ಮಾಡುವ ರೀತಿ ಬೇರೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತು ಕುಡಿಯುತ್ತದೆ. ಸೂರಕ್ಕಿಗೆ ಸಾಮಾನ್ಯವಾಗಿ ಕೂರಲು ಕಡ್ಡಿ ಬೇಕು. ಹಾಗಾಗಿ ಹೂವಿನ ಪಕ್ಕ ಗಟ್ಟಿ ರೆಂಬೆ ಇರುವ ಗಿಡ ಆರಿಸಬೇಕು. ಹಮ್ಮಿಂಗ್‌ಬರ್ಡಿಗೆ ಹೊಂದಿಕೊಂಡ ಅಮೆರಿಕದ ಉದ್ದ ಕೊಳವೆ ಹೂಗಳಿಗೆ ಸೂರಕ್ಕಿ ಎಷ್ಟೋ ಸಲ ಬುಡದಲ್ಲಿ ತೂತು ಹಾಕಿ ಮಕರಂದ ಹೀರುತ್ತದೆ. ಹಕ್ಕಿಗೆ ಊಟ ಸಿಕ್ಕಿತು, ಹೂವಿಗೆ ಪರಾಗದ ಕೆಲಸ ಆಗಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಸೂರಕ್ಕಿ ತನ್ನ ಮರಿಗೆ ತಿನ್ನಿಸುವುದು ಹುಳ, ಜೇಡ. ಗೂಡು ಹೆಣೆಯುವುದೂ ಜೇಡರ ಬಲೆಯ ನೂಲಿನಿಂದ. ಹೂ ಇಟ್ಟು, ಹುಳಕ್ಕೆ ವಿಷ ಹೊಡೆದರೆ ಆ ಅಂಗಳದಲ್ಲಿ ಮರಿ ಉಳಿಯುವುದಿಲ್ಲ. ಇಮಿಡಾಕ್ಲೊಪ್ರಿಡ್‌ನಂಥ ಔಷಧಿ ಬೇರಿನಿಂದ ಹತ್ತಿ ಎಲೆ, ಪರಾಗ, ಮಕರಂದದವರೆಗೂ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇದರ ಸಹಿತ ಮೂರು ಔಷಧಿಗಳ ಹೊರಾಂಗಣ ಬಳಕೆ ನಿಲ್ಲಿಸಿದ್ದು ಜೇನಿನ ಕಾರಣಕ್ಕೆ. ನಮ್ಮ ಗೊಬ್ಬರದಂಗಡಿಗಳಲ್ಲಿ ಅದು ಈಗಲೂ ಸುಲಭವಾಗಿ ಸಿಗುತ್ತದೆ.

ಹಾಗಾದ್ರೆ ಏನು ನೆಡಬೇಕು?

ಜನವರಿಯಿಂದ ಮಾರ್ಚ್: ದೊಡ್ಡ ಜಾಗ ಇದ್ದರೆ ಮುತ್ತಲ, ಬೂರುಗ, ಹಾಲವಾಣ. ಮೂರೂ ಕೆಂಪು, ಮೂರೂ ಹಕ್ಕಿಗಳ ಹೋಟೆಲು. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ, ಜೇನಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಜೇನಿಗೆ ನೀಲಿ, ಹಳದಿ, ಬಿಳಿ ಬೇಕು. ಬೇಲಿಗೆ ಆಡುಸೋಗೆ ಹಾಕಿ, ಈ ತಿಂಗಳುಗಳಲ್ಲೇ ಅದರ ಬಿಳಿ ಹೂ.

ಮಾರ್ಚಿನಿಂದ ಮೇ: ಹೊಂಗೆ, ನಮ್ಮ ಕಡೆ ಹುಲಗಲ ಅಂತಾರೆ. ಬೇವು, ನೇರಳೆ. ಉರಿಬಿಸಿಲಲ್ಲಿ ಜೇನನ್ನು ಕಾಯುವ ಮರಗಳು ಇವು. ಕಕ್ಕೆ ಮರದ ಹಳದಿ ಗೊಂಚಲಿಗೆ ಕರಿದುಂಬಿ ಬರುತ್ತದೆ.

ಮಳೆಗಾಲ: ತುಳಸಿ, ಕೇಪಳ, ಬಿಳಿ ತುಂಬೆ. ತುಂಬೆಯನ್ನು ಕಳೆ ಅಂತ ಕೀಳಬೇಡಿ, ಒಂದು ಮೂಲೆ ಅದಕ್ಕೆ ಬಿಡಿ. ಹೊಲದ ಬದುವಿಗೆ ಗುರೆಳ್ಳು ಚೆಲ್ಲಿದರೆ ಮಳೆ ಮುಗಿಯುವ ಹೊತ್ತಿಗೆ ಹಳದಿ ಹೂ ತುಂಬುತ್ತದೆ.

ಅಕ್ಟೋಬರಿನಿಂದ ಡಿಸೆಂಬರ್: ಗೋರಂಟೆ, ತೊಗರಿ, ಆಕಾಶಮಲ್ಲಿಗೆ. ಆಕಾಶಮಲ್ಲಿಗೆ ರಾತ್ರಿ ಅರಳುತ್ತದೆ, ಪತಂಗಗಳಿಗೆ.

ವರ್ಷದ ಬಹುಪಾಲು ಹೂ ಕೊಡುವವು: ದಾಸವಾಳ, ಬಾಳೆ, ನುಗ್ಗೆ, ದಾಳಿಂಬೆ. ಇವು ನಾಲ್ಕೂ ಸೂರಕ್ಕಿಗೆ ಇಷ್ಟ, ಮನೆಗೂ ಉಪಯೋಗ. ಚಿಟ್ಟೆಗೆ ಮಕರಂದ ಸಾಲದು, ಅದರ ಹುಳಕ್ಕೆ ಎಲೆ ಬೇಕು. ಅದಕ್ಕೆ ಕರಿಬೇವು, ನಿಂಬೆ, ಎಕ್ಕೆ. ಕರಿಬೇವಿನ ಎಲೆ ಹುಳ ತಿಂದರೆ ಹತ್ತು ದಿನ ತಡೆದುಕೊಳ್ಳಿ, ಗಿಡ ಚಿಗುರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ನರ್ಸರಿಯಲ್ಲಿ ಕಣ್ಣು ಸೆಳೆಯುವುದು ಬಹುದಳದ ದಾಸವಾಳ, ಮುದ್ದೆಯಂಥ ಚೆಂಡು ಹೂ. ಬಹುದಳದ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ. ಪರಾಗ ಕಡಿಮೆ, ಮಕರಂದಕ್ಕೆ ದಾರಿ ಮುಚ್ಚಿರುತ್ತದೆ. ಐದು ದಳದ ಸಾದಾ ಕೆಂಪು ದಾಸವಾಳ ಸಾಕು. ಅದು ಕೊಳ್ಳುವ ಗಿಡವೂ ಅಲ್ಲ, ಪಕ್ಕದ ಮನೆಯಿಂದ ಒಂದು ಕಡ್ಡಿ ಕೇಳಿ ತಂದರೆ ಆಯಿತು. ಒಂದೇ ಜಾತಿಯ ನಾಲ್ಕು ಗಿಡ ಒಟ್ಟಿಗೆ ಹಾಕಿ. ಚದುರಿದ ಒಂದೊಂದು ಹೂವಿಗಿಂತ ಗುಂಪು ಜೇನಿಗೆ ಬೇಗ ಸಿಗುತ್ತದೆ.

ಅಂಗಳದಿಂದ ಸಭೆಗೆ

ಮನೆಯಂಗಳ ಇಲ್ಲದವರೇ ಹೆಚ್ಚು ನಮ್ಮ ನಡುವೆ. ಬಾಡಿಗೆ ಕೋಣೆ, ಎರಡು ಕುಂಡ ಇಡುವಷ್ಟು ಜಾಗ. ಆದ್ದರಿಂದಲೇ ಇದು ವೈಯಕ್ತಿಕ ಹವ್ಯಾಸವಾಗಿ ಉಳಿಯಬಾರದು. ಸಾರ್ವಜನಿಕ ಜಾಗದಲ್ಲಿ ಏನು ಬೆಳೆಯಬೇಕು ಅನ್ನುವುದು ಸಾರ್ವಜನಿಕರು ಕೇಳಬೇಕಾದ ಪ್ರಶ್ನೆ.

ಕೇಳಲು ಕಾನೂನಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿ, ಪುರಸಭೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು, ಊರಿನ ಗಿಡ ಪ್ರಾಣಿಗಳ ಜನತಾ ದಾಖಲಾತಿ ಬರೆಯಬೇಕು. ನಿಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು? ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದರೆ ತಿಳಿಯುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮರ ಕಡಿಯಲು ಅನುಮತಿ ಬೇಕು. ಕಡಿದ ಹೊಂಗೆಯ ಬದಲು ಯಾವ ಜಾತಿ ನೆಡುತ್ತೀರಿ ಅಂತ ಆಗಲೇ ಕೇಳಬೇಕು. ಸಂಖ್ಯೆ ಕೇಳಬೇಡಿ, ಪಟ್ಟಿ ಕೇಳಿ. ಆ ಪಟ್ಟಿಯಲ್ಲಿ ಹನ್ನೆರಡು ತಿಂಗಳು ಇವೆಯೇ ನೋಡಿ.

ಕ್ರುಂಬಿಗಲ್ ಬೆನ್ನಿಗೆ ರಾಜರಿದ್ದರು, ದಿವಾನರಿದ್ದರು, ಬೊಕ್ಕಸ ಇತ್ತು. ಒಬ್ಬ ಪರಿಣತ ಆರಿಸಿದ, ಊರು ಒಪ್ಪಿಕೊಂಡಿತು. ನಮಗೆ ಅಂಥ ದಿವಾನರು ಬೇಕಿಲ್ಲ. ಶಾಲೆಯ ಮಕ್ಕಳು, ಕುಂಬಳ ಮಾರುವ ಅಕ್ಕ, ಜೇನು ಬಿಡಿಸುವ ಕಾಕಾ, ನರ್ಸರಿಯಲ್ಲಿ ಕೂಲಿ ಮಾಡುವವರು ಒಂದು ಸಂಜೆ ಕೂತರೆ ಕೊಣ್ಣೂರಿನ ಹೂವಿನ ಪಂಚಾಂಗ ತಯಾರಾಗುತ್ತದೆ. ಯಾವ ತಿಂಗಳು ಖಾಲಿ ಇದೆ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು. ಮೊದಲು ಆ ಖಾಲಿ ತಿಂಗಳಿಗೆ ಒಂದು ಗಿಡ ಹುಡುಕೋಣ.